ಎದುರು ಸಾಲಿನ ಪದ

ಜಹೀರಾಬಾದಿನ ನಮ್ಮ ಮನೆಯ ಪಡಸಾಲೆಗೆ ಹಾಸಿರುವುದು ತಾಂಡೂರಿನ ಫರಸಿ ಕಲ್ಲು. ಟೈಲ್ಸ್ ಹಾಕಿಸೋಣ ಎಂದು ಮಗ ಹೇಳುತ್ತಲೇ ಇದ್ದಾನೆ, ನೋಡೋಣ ಎಂದು ನಾನು ಅನ್ನುತ್ತಲೇ ಇದ್ದೇನೆ. ಇದು ಕಲ್ಲಿನ ಮೇಲಿನ ಪ್ರೀತಿ ಎಂದು ತಿಳಿಯಬೇಡಿ. ಮನೆಯ ಸಾಮಾನೆಲ್ಲ ಎತ್ತಿ ಆಚೆ ಇಡುವುದನ್ನು ನೆನೆದರೇ ನನಗೆ ಸೊಂಟ ಹಿಡಿಯುತ್ತದೆ. ಈ ವಯಸ್ಸಿನಲ್ಲಿ ನನ್ನ ಮುಕ್ಕಾಲು ಅಭಿಪ್ರಾಯಗಳು ಸೊಂಟದಿಂದಲೇ ಹುಟ್ಟುವಂಥವು. ನಿನ್ನೆ ಮಧ್ಯಾಹ್ನ, ಬಿಸಿಲಿಗೆ ಕಾದ ಆ ಕಲ್ಲಿನ ಮೇಲೆ ಒಂದು ಬಕೆಟ್ ನೀರು ಸುರಿದೆ ನೋಡಿ, ಹಸಿ ಕಲ್ಲಿನ ವಾಸನೆ ಗಪ್ಪನೆ ಎದ್ದಿತು. ಅದರ ಹಿಂದೆಯೇ ತೊಗರಿ ಹೊಟ್ಟಿನ ವಾಸನೆಯೂ ಬಂದಹಾಗಾಯಿತು. ನಮ್ಮ ಮನೆಯಲ್ಲಿ ತೊಗರಿ ಹೊಟ್ಟು ಎಲ್ಲಿಂದ ಬರಬೇಕು? ಬೇಳೆಯೇ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಕಸಬರಿಗೆ ಹಿಡಿದು ನಿಂತಲ್ಲೇ ನಿಂತೆ.

ಆ ಎರಡು ವಾಸನೆ ಕೂಡಿಯೇ ಇರುತ್ತಿದ್ದ ಜಾಗ ಒಂದೇ. ತಾಂಡೂರಿನ ಸ್ಟೇಷನ್ ಹಿಂದಿನ ಕಲ್ಲಿನ ಗೋದಾಮು. ನಿಜಾಮರ ಕಾಲದ್ದು, ಆನೆ ಹೋಗುವಷ್ಟು ಬಾಗಿಲು, ಎರಡಾಳು ಎತ್ತರಕ್ಕೆ ಕಿಟಕಿ. ನನ್ನ ಅವ್ವ ಮತ್ತು ಅವಳ ತಂಗಿ, ಅಂದರೆ ನಮ್ಮ ಚಿಗವ್ವ, ಇಬ್ಬರೂ ಅಲ್ಲಿ ತೊಗರಿ ಹಸನು ಮಾಡಲು ಹೋಗುತ್ತಿದ್ದರು. ಹೆಂಗಸರು ಎರಡು ಸಾಲಾಗಿ ಎದುರುಬದರು ಕೂತು ಮೊರದಲ್ಲಿ ಕೇರುವುದು. ನಮ್ಮ ಕಡೆ ಮೊರಕ್ಕೆ ಮರ ಅನ್ನುತ್ತೇವೆ. ಕೈಗೆ ಬೇಸರ ಬರಬಾರದೆಂದು ಪದ, ಅಂದರೆ ಹಾಡು. ಬಾಗಿಲ ಕಡೆಯ ಸಾಲು ಪದ ಎತ್ತುವುದು, ಗೋಡೆಯ ಕಡೆಯ ಸಾಲು ಪದ ಹಿಡಿಯುವುದು. ಅವರು ಕೇಳಬೇಕು, ಇವರು ಉತ್ತರ ಹೇಳಬೇಕು. ಒಂದು ಸಾಲಿನವರ ನುಡಿಯನ್ನು ಇನ್ನೊಂದು ಸಾಲಿನವರು ತಪ್ಪಿಯೂ ಹಾಡುವಂತಿಲ್ಲ. ಹಾಡಿದರೆ ಬೇಳೆಯಲ್ಲಿ ಹರಳು ಉಳಿಯುತ್ತವೆ ಎಂಬ ನಂಬಿಕೆ. ನಗಬೇಡಿ, ಇದಕ್ಕಿಂತ ಸಡಿಲಾದ ಕಾರಣಕ್ಕೆ ನಡೆಯುವ ಎಷ್ಟೋ ಕಾನೂನುಗಳನ್ನು ನೌಕರಿಯಲ್ಲಿ ನಾನೇ ಪಾಲಿಸಿದ್ದೇನೆ.

ಚಿಗವ್ವ ಬಾಗಿಲ ಸಾಲು, ಅವ್ವ ಗೋಡೆಯ ಸಾಲು. ಹೀಗಾಗಿ ಮನೆಯಲ್ಲಿ ನನಗೆ ಕೇಳಿಸಿದ್ದು ಅರ್ಧ ಪದ ಮಾತ್ರ. ಅವ್ವ ರೊಟ್ಟಿ ಬಡಿಯುತ್ತ, 'ಅಣ್ಣನ ಹೊಲದ ತೊಗರಿ ಇದು, ತಂಗಿ ಮರಕ ಬಂತವ್ವಾ' ಎಂದು ಹಾಡುವಳು. ಆಮೇಲೆ ಗಪ್ಪು. ರೊಟ್ಟಿಯ ಸಪ್ಪಳ ಮಾತ್ರ. ಸ್ವಲ್ಪ ಹೊತ್ತಾದ ಮೇಲೆ, 'ಹರಳ ಕಣ್ಣು ಆರಿಸ್ಯಾವ, ಹೊಟ್ಟ ಗಾಳಿ ಹಾರಿಸ್ಯಾದ.' ಮತ್ತೆ ಗಪ್ಪು. ಸಾಲಿನ ಈ ಕಟ್ಟಳೆ ಆಗ ಗೊತ್ತಿರಲಿಲ್ಲ, ಅವ್ವನಿಗೆ ಮರೆವು ಎಂದೇ ನಾನು ತಿಳಿದಿದ್ದೆ.

"ಯಾಕವ್ವಾ ನಿಂತಿ, ಮರತಿ ಏನು?" ಎಂದು ಒಮ್ಮೆ ಕೇಳಿದೆ.

"ಸುಮ್ಕಿರು," ಅಂದಳು. "ಆಕೀ ಹಾಡ್ಲಿ."

ನಾನು ಸುತ್ತ ನೋಡಿದೆ. ಅಡುಗೆಮನೆಯಲ್ಲಿ ನಾವಿಬ್ಬರು ಬಿಟ್ಟರೆ ಬೆಕ್ಕು ಇತ್ತು. ಅದೂ ಹಾಡುವ ಪೈಕಿ ಅಲ್ಲ.

ಅವ್ವ ಹೋಗಿ ಬಹಳ ವರ್ಷವಾಯಿತು. ಬೇಳೆ ಹಸನು ಮಾಡಲು ಯಂತ್ರ ಬಂದವು, ಗೋದಾಮಿಗೆ ಬೀಗ ಬಿತ್ತು. ಹೋದ ಚಳಿಗಾಲದಲ್ಲಿ ತಾಂಡೂರಿನಿಂದ ಚಿಗವ್ವನ ಫೋನು. ಆಕೆ ಫೋನಿನಲ್ಲಿ ಮಾತಾಡುವುದೆಂದರೆ ಮಾಳಿಗೆ ಮೇಲಿನಿಂದ ಕೂಗಿದ ಹಾಗೆ.

"ಯವ್ವಾ, ನಮ್ಮ ಗೋದಾಮ ತೆರದಾರಂತ. ಕಲಾಕೇಂದ್ರ ಮಾಡ್ಯಾರಂತ. ಕುಣಿಯೂದು, ಚಿತ್ರ ಬರಿಯೂದು, ನಾಟ್ಕ, ಎಲ್ಲಾ ಒಂದೇ ಕಡಿ. ನಿಮ್ಮ ಬ್ಯಾಳಿ ಪದ ಹಾಡ್ರಿ, ರೆಕಾರ್ಡ್ ಮಾಡಿ ಇಡ್ತೀವಿ ಅಂತ ಒಂದು ಹುಡುಗಿ ಬಂದು ಕೇಳಿ ಹೋಗ್ಯಾಳ."

"ಹಾಡು ಮತ್ತ."

"ಏನ ಹಾಡ್ಲಿ? ನನ್ನ ಬಾಯಾಗ ಅರ್ಧಾ ಅದ. ಇನ್ನರ್ಧಾ ನಿಮ್ಮವ್ವ ಒಯ್ದಾಳ. ಎದುರು ಸಾಲಿನೋರು ಯಾರೂ ಉಳದಿಲ್ಲ." ಆಮೇಲೆ ಅಂದಳು, "ಆದ್ರೂ ಸಾಯೂದ್ರಾಗ ಅಲ್ಲೇ ಕೂತು ಒಮ್ಮಿ ಅದನ್ನ ಹಾಡಿ ಮುಗಿಸಬೇಕು ಅಂತದ ಜೀವ. ಇದ್ದಷ್ಟು ದಿನ ಒಮ್ಮಿನೂ ಮುಗಿಸಿಲ್ಲ ನೋಡು, ನಿಮ್ಮವ್ವನ ಸಲುವಾಗಿ."

ಅವ್ವನ ಸಲುವಾಗಿ ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಫೋನು ಇನ್ನೂ ಉದ್ದವಾಗುತ್ತಿತ್ತು. ಕಣ್ಣು ಮಂಜಾಗಿವೆ, ಕೈ ಹಿಡಿದು ಕರೆದೊಯ್ಯಲು ಬಾ ಅಂದಳು. ಒಪ್ಪಿಕೊಂಡೆ, ಒಪ್ಪಿಕೊಂಡ ಮರುಗಳಿಗೆಯೇ ದಣಿದೆ.

ನನ್ನ ದಣಿವಿನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಇದು ರೋಗವಲ್ಲ, ಡಾಕ್ಟರಿಗೆ ತೋರಿಸಿದ್ದೇನೆ. ಶಾಲೆಯಲ್ಲಿ ತೆಲುಗಿನಲ್ಲಿ ಲೆಕ್ಕ ಕಲಿಸಿ, ಬಜಾರಿನಲ್ಲಿ ಉರ್ದುವಿನಲ್ಲಿ ಚೌಕಾಸಿ ಮಾಡಿ, ಮನೆಗೆ ಬಂದು ಕನ್ನಡದಲ್ಲಿ ಜಗಳಾಡಿ, ಕಡೆಗೆ ಯಾವ ಭಾಷೆಯಲ್ಲೂ ಹೊಸದಾಗಿ ಹೇಳುವುದೇನೂ ಉಳಿಯದ ದಣಿವು ಅದು. ಗಂಟಲಂತೂ ಸೀಮೆಸುಣ್ಣದ ಪುಡಿ ನುಂಗಿ ನುಂಗಿ ತೂತಾದ ತಂಬಿಗೆಯಂತಾಗಿದೆ. ನಿವೃತ್ತಿಯಾದರೆ ಹೋಗುತ್ತದೆ ಎಂದುಕೊಂಡಿದ್ದೆ. ನಿವೃತ್ತಿಯಾಯಿತು, ನೌಕರಿ ಹೋಯಿತು, ದಣಿವು ಮನೆಯಲ್ಲೇ ಉಳಿಯಿತು.

ಬಸ್ಸಿನ ಪ್ರಯಾಣದ ವರ್ಣನೆ ಬೇಡ. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ನಮಗೆ ಎಲ್ಲವೂ ಬಿಟ್ಟಿ ಸಿಗುತ್ತದೆ, ಸೀಟು ಒಂದನ್ನು ಬಿಟ್ಟು. ತಾಂಡೂರಿನಲ್ಲಿ ಇಳಿದಾಗ ನಾನೇ ಯಾರದಾದರೂ ಕೈ ಹಿಡಿದು ನಡೆಯುವ ಸ್ಥಿತಿಯಲ್ಲಿದ್ದೆ. ಚಿಗವ್ವ ಮಾತ್ರ ಒಗೆದ ಇಳಕಲ್ ಸೀರೆ ಉಟ್ಟು, ಹಳೆಯ ಮೊರವೊಂದನ್ನು ಬಗಲಲ್ಲಿ ಇಟ್ಟುಕೊಂಡು, ನನಗಾಗಿ ಹೊಸ್ತಿಲಲ್ಲಿ ಕಾಯುತ್ತಿದ್ದಳು.

ಗೋದಾಮಿನ ಮೇಲೆ ತೆಲುಗು, ಇಂಗ್ಲಿಷ್, ಉರ್ದುವಿನಲ್ಲಿ ಬೋರ್ಡು ಹಾಕಿದ್ದರು. ಬಾಗಿಲು ಅದೇ. ಚಿಗವ್ವ ಅದರ ಹೊರಗೆ ಚಪ್ಪಲಿ ಬಿಟ್ಟಳು. ಕಾಳಿನ ರಾಶಿ ಇರುವ ಕಡೆ ಚಪ್ಪಲಿ ಮೆಟ್ಟಿ ಹೋದವರುಂಟೆ? ಉಳಿದವರೆಲ್ಲ ಬೂಟು ಹಾಕಿಕೊಂಡೇ ಒಳಗೆ ಹೋಗುತ್ತಿದ್ದರು. ಅಜ್ಜಿ ಮರೆತು ಹೋದರು ಎಂದು ವಾಚ್‌ಮನ್ ಆ ಚಪ್ಪಲಿ ಎತ್ತಿಕೊಂಡು ಹಿಂದೆಯೇ ಬಂದ. ಚಿಗವ್ವ ಅವನ್ನು ಇಸಿದುಕೊಂಡು ಮತ್ತೆ ಹೊರಗೆ ಹೋಗಿ ಇಟ್ಟು ಬಂದಳು. ಒಂದು ಗಳಿಗೆ ಯೋಚಿಸಿ ನಾನೂ ನನ್ನವನ್ನು ಅವುಗಳ ಪಕ್ಕಕ್ಕೆ ಬಿಟ್ಟೆ. ಕಲ್ಲು ಪಾದಕ್ಕೆ ತಣ್ಣಗೆ ಹತ್ತಿತು.

ಒಳಗೆ ಎಲ್ಲವೂ ಇತ್ತು. ತಕ್ಕಡಿ ಇದ್ದ ಮೂಲೆಯಲ್ಲಿ ಕಾಫಿ ಅಂಗಡಿ. ಚೀಲ ಒಟ್ಟುತ್ತಿದ್ದ ಕೋಣೆಯಲ್ಲಿ ಚಿತ್ರಗಳು, ಒಂದರಲ್ಲಿ ಬರೇ ನೀಲಿ ಬಣ್ಣ. ಆಚೆ ಕೋಣೆಯಿಂದ ಕುಣಿತ ಕಲಿಯುವವರ ಧಪಧಪ. ತಕ್ಕಡಿಯ ಕೊಂಡಿಯಲ್ಲಿ ಈಗ ದೀಪ ತೂಗುತ್ತಿತ್ತು. ನನಗೆ ಸಿಟ್ಟು ಬರಬೇಕಿತ್ತೋ ಏನೋ, ಬರಲಿಲ್ಲ. ಅದಕ್ಕೂ ಶಕ್ತಿ ಬೇಕಲ್ಲ. ಅಲ್ಲದೆ ಆ ಗೋದಾಮು ಯಾವಾಗ ಒಂದೇ ಕೆಲಸಕ್ಕಿತ್ತು? ಸುಗ್ಗಿಯಲ್ಲಿ ತೊಗರಿ, ಬೇಸಿಗೆಯಲ್ಲಿ ಮದುವೆ, ಮಳೆಗಾಲದಲ್ಲಿ ಗುಡಿಸಲು ಬಿದ್ದವರ ಸಂಸಾರ. ಕಾಫಿಯೊಂದೇ ಹೊಸದು. ಅದೂ ತಣ್ಣಗಿತ್ತು, ಮಂಜುಗಡ್ಡೆ ಹಾಕಿಯೇ ಕೊಡುತ್ತಾರಂತೆ.

ಕಾರ್ಯಕ್ರಮ ನಡೆಸುವ ಹುಡುಗಿ ಶ್ರಾವಣಿ ಓಡಿ ಬಂದಳು. ತೆಲುಗಿನವಳು, ಆದರೂ ನಮ್ಮ ಸಲುವಾಗಿ ಕನ್ನಡ ಆಡಲು ನೋಡುತ್ತಿದ್ದಳು. ಒಳ್ಳೆಯ ಹುಡುಗಿ. ಗೋಡೆಯ ಕಡೆ ಎತ್ತರಕ್ಕೆ ವೇದಿಕೆ ಕಟ್ಟಿ, ಮೇಲೆ ಜಮಖಾನ ಹಾಸಿ, ಮೈಕ್ ಇಟ್ಟಿದ್ದಳು. ಚಿಗವ್ವನನ್ನು ಅಲ್ಲಿಗೆ ನಡೆಸಿಕೊಂಡು ಹೋದರೆ, ಆಕೆ ಮೆಟ್ಟಿಲ ಹತ್ತಿರ ನಿಂತೇಬಿಟ್ಟಳು.

"ಇಲ್ಲಿ ನಾ ಕೂಡಂಗಿಲ್ಲ."

"ಯಾಕ್ರಿ ಅಮ್ಮಾ? ಲೈಟ್ ಇಲ್ಲೇ ಅದ, ಎಲ್ಲರಿಗಿ ಕಾಣಸ್ತೀರಿ."

"ಇದು ನಮ್ಮಕ್ಕನ ಸಾಲು. ನಾ ಬಾಗಲ ಕಡಿ ಕೂಡಾಕಿ."

ಶ್ರಾವಣಿ ನನ್ನ ಮುಖ ನೋಡಿದಳು. ಮೂವತ್ತು ವರ್ಷ ಹಟಮಾರಿ ಮಕ್ಕಳನ್ನು ನೋಡಿದವಳಾದ್ದರಿಂದ, ಯಾವ ಹಟ ಬಿಡಿಸಬಹುದು ಯಾವುದು ಆಗದು ಎಂಬುದು ನನಗೆ ಗೊತ್ತಿತ್ತು. ಮೈಕನ್ನೇ ಬಾಗಿಲ ಕಡೆ ತರುವುದಾಯಿತು. ಚಿಗವ್ವ ಬರಿಯ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಖಾಲಿ ಮೊರ ಮುಂದಿಟ್ಟುಕೊಂಡಳು. ವೇದಿಕೆಗೆ ಮುಖ ಮಾಡಿದ್ದ ಜನ ಗೊಣಗುತ್ತ ಕುರ್ಚಿ ತಿರುಗಿಸಿಕೊಂಡು, ನಡುವೆ ದಾರಿ ಬಿಟ್ಟು ಎರಡೂ ಬದಿಗೆ ಸರಿದರು. ಕುರ್ಚಿ ಎತ್ತುವ ಕೆಲಸ ಬೇಡವಾಗಿ ನಾನು ಗೋಡೆಯ ಹತ್ತಿರವೇ, ವೇದಿಕೆಯ ಅಂಚಿಗೆ, ಫ್ಯಾನಿನ ಕೆಳಗೆ ಕೂತೆ. ಗಾಳಿಯ ಆಸೆ, ಮತ್ತೇನಿಲ್ಲ.

ಚಿಗವ್ವ ಎತ್ತಿದಳು. 'ಯಾರ ಹೊಲದ ತೊಗರಿ ಇದು, ಯಾರ ಮರಕ ಬಂತವ್ವಾ.'

ಮುದಿ ದನಿ, ಆದರೆ ನಡುಗಲಿಲ್ಲ. ಹಾಡಿ ನಿಲ್ಲಿಸಿದಳು. ಮೊರವನ್ನು ಎರಡು ಸಲ ಕೇರಿದಳು, ಖಾಲಿ ಮೊರ. ಎದುರಿನ ಗೋಡೆಯ ಕಡೆ ನೋಡುತ್ತ ಕಾದಳು. ಮುಂದಿನ ನುಡಿ ಆಕೆಯದಲ್ಲ, ಹಾಡುವಂತಿಲ್ಲ. ಜನರಿಗೇನು ಗೊತ್ತು? ಅಜ್ಜಿ ಮರೆತಳು ಎಂದುಕೊಂಡರು. ಯಾರೋ ಧೈರ್ಯ ತುಂಬಲು ಚಪ್ಪಾಳೆ ತಟ್ಟಿದರು. ಶ್ರಾವಣಿ ಬಗ್ಗಿ, "ಅಮ್ಮಾ, ಮುಂದ ಹಾಡ್ರಿ" ಎಂದಳು. ಚಿಗವ್ವ ತಲೆ ಅಲ್ಲಾಡಿಸಿ, ಅದೇ ನುಡಿಯನ್ನು ಮತ್ತೆ ಎತ್ತಿದಳು. ಮತ್ತೆ ಕಾದಳು.

ಆ ನಿಶ್ಶಬ್ದ ನನಗೆ ಗೊತ್ತಿತ್ತು. ಅಡುಗೆಮನೆಯಲ್ಲಿ ಅವ್ವ ನಿಲ್ಲಿಸುತ್ತಿದ್ದಳಲ್ಲ, ಅದರ ಅಳತೆ ಇಷ್ಟೇ ಇತ್ತು. ಅವ್ವ ಮರೆತಿರಲಿಲ್ಲ. ಹಗಲೆಲ್ಲ ಎದುರು ಕೂತ ತಂಗಿಯನ್ನು ಮನೆಯಲ್ಲೂ ಎದುರಿಗೆ ಕೂಡಿಸಿಕೊಳ್ಳುತ್ತಿದ್ದಳು. ಇಷ್ಟು ಸಣ್ಣ ಮಾತು ತಿಳಿಯಲು ನನಗೆ ಅರವತ್ತು ದಾಟಬೇಕಾಯಿತು. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಭಯ ಬಂತು. ಅಷ್ಟು ಜನರ ನಡುವೆ, ಶಾಲೆಯ ಪ್ರಾರ್ಥನೆಗೂ ಬಾಯಿ ಆಡಿಸಿ ಸುಮ್ಮನಾಗುತ್ತಿದ್ದ ಈ ಹಾಳು ಗಂಟಲಲ್ಲಿ ಹಾಡುವುದೆ?

ಚಿಗವ್ವ ಮೂರನೆಯ ಸಲ ಎತ್ತಲಿಲ್ಲ. ಮೊರವನ್ನು ಮೆಲ್ಲಗೆ ಬೋರಲು ಹಾಕಲು ಕೈ ಚಾಚಿದಳು.

'ಅಣ್ಣನ ಹೊಲದ ತೊಗರಿ ಇದು...' ಎಂದು ಯಾರೋ ಹಾಡಿದರು. ಕಾಗೆಯಂಥ ದನಿ. ನನ್ನದೇ. '...ತಂಗಿ ಮರಕ ಬಂತವ್ವಾ.'

ಚಿಗವ್ವನ ಕೈ ನಿಂತಿತು. ಮಂಜುಗಣ್ಣಿನಲ್ಲಿ ಗೋಡೆಯ ಕಡೆ ನೋಡಿದಳು. ನನ್ನ ಮುಖ ಆಕೆಗೆ ಎಷ್ಟು ಕಂಡಿತೋ ಕಾಣೆ. ಮೊರ ಎತ್ತಿಕೊಂಡು, 'ಹರಳ ಯಾರು ಆರಿಸ್ಯಾರ, ಹೊಟ್ಟ ಯಾರು ಹಾರಿಸ್ಯಾರ' ಎಂದು ಕೇಳಿದಳು. ದನಿ ಒಮ್ಮೆಲೇ ಚೂಪಾಗಿತ್ತು, ಅಕ್ಕನೊಡನೆ ಜಗಳಕ್ಕೆ ನಿಂತ ಹಾಗೆ. ನಾನು ಹಿಡಿದೆ. ಆಕೆ ಎತ್ತಿದಳು, ನಾನು ಹಿಡಿದೆ. ಬಾಯಿಗೆ ನುಡಿ ಹೇಗೆ ಬರುತ್ತಿದ್ದವೋ ನಾ ಅರಿಯೆ, ರೊಟ್ಟಿಯ ಸಪ್ಪಳದ ಜೊತೆಗೇ ಬರುತ್ತಿದ್ದವು.

ಕಡೆಯ ನುಡಿ ಬಂತು. 'ಹಸನಾದ ಬ್ಯಾಳಿ ಹೊಂಟದಲ್ಲ, ಯಾರ ಮನಿಗಿ ಹೊಂಟದವ್ವಾ.' ನಾನು ಅವ್ವನ ಬಾಯಲ್ಲಿ ಕೇಳಿದ್ದನ್ನೇ ಹಾಡಿದೆ. 'ಅಣ್ಣನ ಹೊಲದ ತೊಗರಿ ಇದು, ತಂಗಿ ಮರಕ ಬಂತವ್ವಾ.'

ಚಿಗವ್ವ ಹಾಡಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಾಳೆ ಎಂದುಕೊಂಡೆ. ನಗುತ್ತಲೂ ಇದ್ದಳು.

"ಅಲ್ಲೇ ತಪ್ಪಿದಿ," ಎಂದು ಮೈಕಿನಲ್ಲೇ ಅಂದಳು. "ನಿಮ್ಮವ್ವ ತಪ್ಪುತಿದ್ದಲ್ಲೇ ತಪ್ಪಿದಿ. ಕಡೀಗೆ ಬರೂದು, ಮತ್ತ ಹೊಳ್ಳಿ ಮೊದಲಿಗೆ ಹೋಗೂದು. ಆಕೀ ಮೊದಲಿಗೆ ಹೋದ್ರ ನಾವೂ ಮೊದಲಿಂದ ಎತ್ತಬೇಕು. ಗಂಟಿ ಹೊಡಿಯೂತನ ಬೈಕೋತ ಹಾಡತಿದ್ವಿ." ಕಣ್ಣು ಒರೆಸಿಕೊಂಡು ಮೊರ ಸರಿಮಾಡಿಕೊಂಡಳು. ಮೊದಲಿನ ನುಡಿಯನ್ನೇ ಮತ್ತೆ ಎತ್ತಿದಳು.

ಅದು ಮುಗಿದಾಗ, ಅಂದರೆ ಮುಗಿಯದೆ ನಿಂತಾಗ, ಶ್ರಾವಣಿ ಕೈ ಜೋಡಿಸಿ ಕೇಳಿದಳು, "ಅಮ್ಮಾ, ಪೂರಾ ಪದ ಆತೇನ್ರಿ? ಪೂರ್ತಿ ಅಂತ ಬರಕೋಬೇಕು."

"ಇನ್ನಾ ಇಲ್ಲವ್ವಾ," ಎಂದಳು ಚಿಗವ್ವ. ಅದನ್ನು ಮುಗಿಸುವುದಕ್ಕೆಂದೇ ನನ್ನನ್ನು ಅಷ್ಟು ದೂರದಿಂದ ಕರೆಸಿದವಳು.

ಮನೆಗೆ ಹೋಗುವಾಗ ಆಟೋದಲ್ಲಿ ಕೇಳಿದೆ. "ಚಿಗವ್ವಾ, ಆ ಕಡೀ ನುಡಿಗೆ ಉತ್ತರ ಏನದ? ಬ್ಯಾಳಿ ಯಾರ ಮನಿಗಿ ಹೋಗ್ತದ?"

"ಅದು ನಿಮ್ಮ ಸಾಲಿಂದು. ನಾ ಹಾಡಂಗಿಲ್ಲ."

"ಹಾಡಬ್ಯಾಡ, ಹೇಳು."

ಆಕೆ ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊರಗೆ ನೋಡಿದಳು. ಬೀದಿಯ ಆಚೆ ಈಚೆ ಫರಸಿ ಕಲ್ಲಿನ ಪಾಲಿಶ್ ಮಿಲ್ಲುಗಳ ಧೂಳು ಏಳುತ್ತಿತ್ತು.

"ಹೇಳಿದ್ರ ಮುಗೀತದ," ಅಂದಳು.

ನಿನ್ನೆ ಹಸಿ ಕಲ್ಲಿನ ಮೇಲೆ ಕಸಬರಿಗೆ ಹಿಡಿದು ನಿಂತಾಗ ಇದೆಲ್ಲ ಬಂತು. ಸೊಂಟ ನೋಯುತ್ತಿತ್ತು, ಅದು ಯಾವ ಪದಕ್ಕೂ ಬಗ್ಗುವ ನೋವಲ್ಲ. ನೀರು ದೂಡುತ್ತ ದೂಡುತ್ತ ಹಾಡುತ್ತಿದ್ದೆನಂತೆ, ನನಗೇ ಗೊತ್ತಿಲ್ಲ. ನಡುವೆ ಎಲ್ಲೋ ನಿಲ್ಲಿಸಿ ಸುಮ್ಮನೆ ನಿಂತಿದ್ದೆ. ಅಡುಗೆಮನೆಯಿಂದ ಸೊಸೆ ಇಣುಕಿದಳು.

"ಯಾಕ್ರಿ ಅತ್ತಿ ನಿಂತ್ರಿ? ಮುಂದಿಂದು ಮರತ್ರೇನು?"

"ಸುಮ್ಕಿರು," ಅಂದೆ. "ಆಕೀ ಹಾಡ್ಲಿ."