ಟೀಚರ ಕೋಣೆಯ ನೀಲಿ ಪರದೆ

ಉಫ್ಫಣ್ಣ ತೀರಿಹೋಗಿ ಮೂರು ತಿಂಗಳಾಯಿತು. ಮೆಟ್ಟಿಲ ಕೆಳಗಿನ ಅವನ ರಿಪೇರಿ ಅಂಗಡಿ ಮುಚ್ಚಿಯೇ ಇದೆ. ಆ ಗೂಡಿನಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಿತ್ತು. ಸ್ನೇಹಿತರೆಲ್ಲ ಹಾಗೆ ಹೊರಗೆ ನಿಂತೇ ವರ್ಷಗಟ್ಟಲೆ ಅವನೊಡನೆ ಹರಟಿದರು.

ಯಾರು ಯಾವ ಕಂಪ್ಯೂಟರ್ ತಂದರೂ ಅವನು ಮೊದಲು ಮುಚ್ಚಳ ಬಿಚ್ಚಿ, ಕಣ್ಣು ಮುಚ್ಚಿಕೊಂಡು, ಒಳಗೆ "ಉಫ್" ಎಂದು ಊದುತ್ತಿದ್ದ. ಹೆಸರು ಬಂದದ್ದು ಹಾಗೆ. "ಊದೋಕೆ ನೀನ್ಯಾಕಪ್ಪ, ಮನೇಲಿ ನಾನೇ ಊದ್ಕೋತೀನಿ" ಎಂದು ಯಾರಾದರೂ ರೇಗಿಸಿದರೆ, "ಊದ್ಕೊಳ್ಳಿ ಸ್ವಾಮಿ, ಧೂಳು ಕಣ್ಣಿಗೆ ಬಿದ್ರೆ ಮಾತ್ರ ನನ್ನ ಹತ್ರ ಬರ್ಬೇಡಿ, ಕಣ್ಣು ನಾನು ರಿಪೇರಿ ಮಾಡಲ್ಲ" ಎನ್ನುತ್ತಿದ್ದ.

ಅವನಿಗೊಂದು ಚಟವಿತ್ತು. ರಿಪೇರಿ ಮುಗಿದ ಮೇಲೆ, ಯಾರೂ ಕೇಳದಿದ್ದರೂ, ಯಂತ್ರವನ್ನು ಇನ್ನಷ್ಟು ಚುರುಕು ಮಾಡಿ ಕಳಿಸುವುದು. ಕಂಪ್ಯೂಟರ್ ಪೂರ್ತಿ ಎಚ್ಚರವಾಗುವ ಮುಂಚೆಯೇ ಒಂದು ಕೀಲಿ ಒತ್ತಿದರೆ ಬಯೋಸ್ ಎಂಬ ಪುಟ ತೆರೆದುಕೊಳ್ಳುತ್ತದೆ. ಮೆಮೊರಿ ಎಷ್ಟು ವೇಗದಲ್ಲಿ ಓಡಬೇಕು, ಅದಕ್ಕೆ ಎಷ್ಟು ವೋಲ್ಟ್ ಕೊಡಬೇಕು ಎಂಬ ಮೂಲ ಕಟ್ಟಳೆಗಳೆಲ್ಲ ಅಲ್ಲಿರುತ್ತವೆ. ಉಫ್ಫಣ್ಣ ಅಲ್ಲಿ ಮೆಮೊರಿಯ ವೇಗವನ್ನು ಒಂದು ಮೆಟ್ಟಿಲು ಏರಿಸುತ್ತಿದ್ದ. ಏರಿಸಿದ ಅಂಕಿಗಳನ್ನು ಚೀಟಿಯಲ್ಲಿ ಬರೆದು ಮುಚ್ಚಳದ ಒಳಮೈಗೆ ಅಂಟಿಸುತ್ತಿದ್ದ. ಮುಂದೆ ಎಂದಾದರೂ ಅವು ಅಳಿಸಿಹೋದರೆ ನೋಡಿಕೊಂಡು ಮತ್ತೆ ಹಾಕಬಹುದಲ್ಲ! ಇಂಥ ಅಚ್ಚುಕಟ್ಟು ಇನ್ಯಾವ ರಿಪೇರಿಯವನಲ್ಲೂ ಇಲ್ಲವೆಂಬ ಒಣಜಂಬ ಅವನಿಗಿತ್ತು.

ಟೀಚರ ಕಂಪ್ಯೂಟರನ್ನು ಜೋಡಿಸಿಕೊಟ್ಟವನೂ ಅವನೇ. ಅವನ ಮಗಳಿಗೆ ಲೆಕ್ಕ ಕಲಿಸಿದ್ದ ಟೀಚರ್ ಅವರು. ನಾಲ್ಕು ವರ್ಷಗಳಲ್ಲಿ ಒಂದು ನರದ ಕಾಯಿಲೆ ಅವರ ಕಾಲು, ಕೈ, ಕೊನೆಗೆ ನಾಲಿಗೆಯನ್ನೂ ಕಿತ್ತುಕೊಂಡಿತ್ತು. ಉಳಿದದ್ದು ಕಣ್ಣು. ಹಾಸಿಗೆಯೆದುರಿನ ಪರದೆಯ ಕೆಳಗೆ ಒಂದು ಸಣ್ಣ ಕ್ಯಾಮೆರಾ ಇತ್ತು. ಟೀಚರ್ ಯಾವ ಅಕ್ಷರ ನೋಡಿದರೆ ಆ ಅಕ್ಷರ ಮೂಡುತ್ತಿತ್ತು, ಒಂದು ಮೂಲೆ ನೋಡಿದರೆ ಕಂಪ್ಯೂಟರ್ ಅದನ್ನು ಓದಿ ಹೇಳುತ್ತಿತ್ತು, ಇನ್ನೊಂದು ಮೂಲೆ ನೋಡಿದರೆ ಗಂಟೆ ಬಾರಿಸುತ್ತಿತ್ತು. ಎಲ್ಲಕ್ಕಿಂತ ಮುಖ್ಯ ಆ ಗಂಟೆ. ಟೀಚರಿಗೆ ನುಂಗಲು ಬರುತ್ತಿರಲಿಲ್ಲ. ಗಂಟಲಲ್ಲಿ ಎಂಜಲು ಕಟ್ಟಿದರೆ ಜೊತೆಗಿದ್ದ ತಂಗಿ ಬಂದು ನಳಿಕೆ ಹಾಕಿ ಹೀರಿ ತೆಗೆಯಬೇಕು. ತಡವಾದರೆ ಉಸಿರು ಕಟ್ಟುತ್ತದೆ.

ಐದು ತಿಂಗಳು ಎಲ್ಲ ಸರಿಯಿತ್ತು. ಬಿಸಿಲು ಏರಿದಂತೆ ಕಂಪ್ಯೂಟರ್ ನಡುನಡುವೆ ಕೈಕೊಡತೊಡಗಿತು. ಪರದೆ ಇದ್ದಕ್ಕಿದ್ದಂತೆ ನೀಲಿಯಾಗುತ್ತಿತ್ತು, ನಾಲ್ಕು ಸಾಲು ಬಿಳಿ ಅಕ್ಷರ, ಅಷ್ಟೆ. ಒಮ್ಮೆ ವಾರಕ್ಕೆರಡು ಸಲ, ಒಮ್ಮೆ ದಿನಕ್ಕೆರಡು ಸಲ. ಉಫ್ಫಣ್ಣ ಊದಿದ. ಮೆಮೊರಿ ಕಡ್ಡಿಗಳನ್ನು ಕಿತ್ತು, ಅವುಗಳ ಹಲ್ಲನ್ನು ರಬ್ಬರಿನಿಂದ ಉಜ್ಜಿ ಹಾಕಿದ. ಕರೆಂಟಿನ ಡಬ್ಬಿ ಬದಲಿಸಿದ. ಹಾರ್ಡ್ ಡಿಸ್ಕ್ ಬದಲಿಸಿದ. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದ. ಅಂಗಡಿಗೆ ಒಯ್ದು ಒಂದು ಗಂಟೆ ಓಡಿಸಿದರೆ ಯಂತ್ರ ಸಂಭಾವಿತನ ಹಾಗೆ ಓಡುತ್ತಿತ್ತು. ಮರಳಿ ಕೋಣೆಗೆ ತಂದಿಟ್ಟರೆ ಮತ್ತೆ ಅದೇ ಕತೆ.

ಒಂದು ಮಧ್ಯಾಹ್ನ ತಂಗಿ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಕ್ಲಿಪ್ಪು ಸಾಲದೆ ಒಳಗೆ ಬಂದವಳಿಗೆ ನೀಲಿ ಪರದೆ ಕಂಡಿತು, ಅದರೆದುರು ಅಕ್ಕನ ಮುಖವೂ ಹೆಚ್ಚುಕಡಿಮೆ ಅದೇ ಬಣ್ಣಕ್ಕೆ ತಿರುಗಿತ್ತು. ಕ್ಲಿಪ್ಪು ಸಾಲದೆ ಬಂದದ್ದಕ್ಕೆ ಟೀಚರ್ ಬದುಕಿದರು.

ಅಂದಿನಿಂದ ಉಫ್ಫಣ್ಣನಿಗೆ ಅನ್ನ ಸೇರಲಿಲ್ಲ. ಗಿರಾಕಿಯೊಬ್ಬರು ಅಂಗಡಿಗೆ ನೀಲಿ ಅಂಗಿ ತೊಟ್ಟು ಬಂದರೆ ಬೆನ್ನಲ್ಲಿ ಬೆವರೊಡೆಯುತ್ತಿತ್ತು. "ಏನಾಗಿದೆ ರೀ ನಿಮಗೆ, ತಟ್ಟೆ ಮುಂದೆ ಕೂತ್ಕೊಂಡು ಗೋಡೆ ನೋಡ್ತೀರಲ್ಲ?" ಎಂದು ಹೆಂಡತಿ ಕೇಳಿದಳು.

"ಆ ಮನೇಲಿ ಒಂದು ಜೀವ ನಾನು ಜೋಡ್ಸಿದ ವೈರ್‌ಗೆ ನೇತಾಡ್ತಿದೆ ಕಣೇ."

"ಹಾಗಾದ್ರೆ ಬೇರೆಯವರನ್ನ ಕರ್ಸಿ ಅನ್ನಿ. ನಿಮಗಿಂತ ಗೊತ್ತಿರೋರು ಯಾರೂ ಇಲ್ವಾ ಊರಲ್ಲಿ?"

ಇದ್ದರು. ಆದರೆ ಬೇರೆಯವರು ಬಂದು ಏನು ಕಂಡುಹಿಡಿದಾರೋ ಎಂಬುದೂ ಅವನಿಗೊಂದು ಭಯವೇ ಆಗಿತ್ತು.

ಮರುವಾರ ಅವನು ಹೋದಾಗ ತಂಗಿ ಮಾತಾಡಿಸಲಿಲ್ಲ. ಈಗ ಅವಳು ಸ್ನಾನಕ್ಕೂ ಬಾಗಿಲು ತೆರೆದಿಟ್ಟೇ ಹೋಗುತ್ತಿದ್ದಳು. ಟೀಚರ್ ಅವನನ್ನು ನೋಡಿ, ಪರದೆ ನೋಡಿ, ಒಂದೊಂದೇ ಅಕ್ಷರ ಆರಿಸಿದರು. ಏರಿಳಿತವಿಲ್ಲದ ಯಂತ್ರದ ದನಿ ಹೇಳಿತು: "ಕ್ಯಾಲೆಂಡರ್ ನೋಡು."

ಪ್ರತಿ ಸಲ ಪರದೆ ನೀಲಿಯಾದಾಗಲೂ ತಂಗಿಯ ಕೈಯಲ್ಲಿ ಗೋಡೆಯ ಕ್ಯಾಲೆಂಡರಿನ ಮೇಲೆ ಅವರು ಸುತ್ತು ಹಾಕಿಸಿದ್ದರು. ಎರಡು ತಿಂಗಳ ತುಂಬ ಸುತ್ತುಗಳು. ನಡುವೆ ಹತ್ತೊಂಬತ್ತು ದಿನ ಬಿಳಿ.

"ಅಷ್ಟು ದಿನ ಏನಾಗಿತ್ತು?" ಎಂದಿತು ಯಂತ್ರ.

"ನೆನಪಿಲ್ಲ ಟೀಚರ್. ನಾನು ಬಂದಿರ್ಲಿಲ್ಲ ಅನ್ಸುತ್ತೆ."

"ಅದೇ ಇರ್ಬೇಕು" ಎಂದಳು ತಂಗಿ ಬಾಗಿಲಲ್ಲಿ ನಿಂತು. "ನೀವು ಬರ್ದೇ ಇದ್ದಾಗ ಚೆನ್ನಾಗೇ ಇತ್ತು. ತಾರೀಖು ಒಂದು ತಪ್ಪು ತೋರಿಸ್ತಿತ್ತು ಅಷ್ಟೆ. ಕರೆಂಟು ಹೋಗಿ ಬಂದ ದಿನದಿಂದ ಯಾವುದೋ ಹಳೇ ವರ್ಷ. ನಾನೇ ಫೋನ್ ಮಾಡಿ ಕರೆಸಿದ್ದೆ, ಮರೆತ್ರಾ?"

ಉಫ್ಫಣ್ಣ ಕ್ಯಾಲೆಂಡರಿನ ಆ ಬಿಳಿ ದಿನಗಳನ್ನು ಮತ್ತೊಮ್ಮೆ ಎಣಿಸಿದ.

ತಾರೀಖು ತಪ್ಪಿದ್ದು ಒಳಗಿನ ಗುಂಡಿಯಂಥ ಬ್ಯಾಟರಿ ಸತ್ತು. ಆ ಬ್ಯಾಟರಿ ಸತ್ತು ಕರೆಂಟೂ ಹೋದರೆ ಬಯೋಸ್ ತನ್ನ ಕಟ್ಟಳೆಗಳನ್ನೆಲ್ಲ ಮರೆತು, ಕಾರ್ಖಾನೆ ಇಟ್ಟ ನಿಧಾನದ ವೇಗಕ್ಕೆ ಮರಳುತ್ತದೆ. ಆ ನಿಧಾನದಲ್ಲಿ ಯಂತ್ರ ಹತ್ತೊಂಬತ್ತು ದಿನ ಒಮ್ಮೆಯೂ ಬಿದ್ದಿರಲಿಲ್ಲ. ಅವನು ಬಂದು, ಹೊಸ ಬ್ಯಾಟರಿ ಹಾಕಿ, ಮುಚ್ಚಳದ ಚೀಟಿ ನೋಡಿಕೊಂಡು, ಅಂಕಿಗಳನ್ನು ಒಂದೂ ತಪ್ಪದೆ ಮತ್ತೆ ತುಂಬಿದ್ದ. ಮೂರನೇ ದಿನ ನೀಲಿ. ಎರಡನೇ ವಾರ ಕ್ಲಿಪ್ಪಿನ ಮಧ್ಯಾಹ್ನ. ಮುಚ್ಚಿದ ಕಿಟಕಿಯ ಈ ಬಿಸಿ ಕೋಣೆಯಲ್ಲಿ, ದಿನವಿಡೀ ಓಡುವ ಈ ಯಂತ್ರದ ಮೆಮೊರಿಗೆ, ಅವನು ಪ್ರೀತಿಯಿಂದ ಏರಿಸಿದ್ದ ಆ ಒಂದು ಮೆಟ್ಟಿಲು ಹೆಚ್ಚಾಗಿತ್ತು. ಡಿಸ್ಕು, ಡಬ್ಬಿ, ವಿಂಡೋಸ್ ಎಲ್ಲವನ್ನೂ ಅನುಮಾನಿಸಿದ್ದ. ತನ್ನ ಅಕ್ಷರವನ್ನು ಮಾತ್ರ ಅನುಮಾನಿಸಿರಲಿಲ್ಲ.

"ಒಂದು ಸಲ ಆಫ್ ಮಾಡಿ ಆನ್ ಮಾಡ್ತೀನಿ ಟೀಚರ್" ಎಂದು ಬಯೋಸ್ ತೆರೆದು ವೇಗ ಇಳಿಸಿದ. ಮುಚ್ಚಳ ಬಿಚ್ಚಿ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡ. ಹಾಗೇ ಎದ್ದು ಹೋಗಬಹುದಿತ್ತು. ಚಪ್ಪಲಿ ಮೆಟ್ಟಿದ್ದೂ ಆಗಿತ್ತು. ಇದೇ ಕಾರಣ ಹೌದೋ ಅಲ್ಲವೋ, ನಾಳೆ ಮತ್ತೆ ನೀಲಿಯಾದರೆ? ಸರಿಹೋಯಿತೆಂದು ನಂಬಿ ತಂಗಿ ಮತ್ತೆ ಹಿತ್ತಲಿಗೆ ಹೋದರೆ? ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.

"ಟೀಚರ್, ಅದು ನಾನೇ ಮಾಡಿದ್ದು."

ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ನೆಲ ನೋಡಿದ. ಟೀಚರಿಗಿಂತ ಮೊದಲು ತಂಗಿ ಬಾಯಿಬಿಟ್ಟಳು.

"ಯಾರು ಕೇಳಿದ್ರು ನಿಮ್ಮನ್ನ ಜೋರಾಗಿ ಓಡ್ಸಿ ಅಂತ? ಮಲಗಿರೋ ಮನುಷ್ಯರಿಗೆ ಎಲ್ಲಿಗೆ ಹೋಗೋ ಅವಸರ ಇತ್ತು, ಹೇಳಿ?"

ಅವನು ಜೇಬಿನಿಂದ ಚೀಟಿ ತೆಗೆದು ಹಾಸಿಗೆಯ ಅಂಚಿನ ಮೇಲಿಟ್ಟ.

ಪರದೆಯ ಮೇಲೆ ಅಕ್ಷರಗಳು ನಿಧಾನ ಕೂಡಿದವು. "ನೀನು ಹೇಳದೆ ಚಪ್ಪಲಿ ಹಾಕಿದಾಗ ನನಗೂ ಭಯ ಆಯ್ತು" ಎಂದಿತು ಯಂತ್ರ. ತುಸು ಬಿಟ್ಟು, "ಇಪ್ಪತ್ತು ದಿನ ನೋಡೋಣ. ನೀನು ಇಲ್ಲೇ ಕೂರು."

ಉಫ್ಫಣ್ಣ ಅಂಗಡಿ ಮುಚ್ಚಿದ. ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆಯವರೆಗೆ ಆ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತ. ಫ್ಯಾನಿನ ಸದ್ದು ಎಳೆಯಷ್ಟು ಬದಲಾದರೂ ಅವನ ಕುತ್ತಿಗೆ ಸೆಟೆಯುತ್ತಿತ್ತು. ಟೀಚರ್ ಅವನಿಂದ ಮಗ್ಗಿ ಹೇಳಿಸಿದರು. ಹದಿನೇಳರ ಮಗ್ಗಿಯಲ್ಲಿ ಅವನು ತಪ್ಪಿದಾಗಲೆಲ್ಲ ಗಂಟೆ ಬಾರಿಸಿ ತಂಗಿಯನ್ನು ಕರೆದು, "ಇವನ ಮಗಳೇ ವಾಸಿ" ಎಂದು ಚಾಡಿ ಹೇಳಿದರು. ಮೊದಲ ವಾರ ತಂಗಿ ಅವನಿಗೆ ನೀರು ಕೂಡ ಕೊಡಲಿಲ್ಲ. ಎರಡನೇ ವಾರ ಲೋಟವನ್ನು ಸದ್ದು ಮಾಡಿ ಇಟ್ಟಳು.

ಇಪ್ಪತ್ತನೇ ದಿನ ಮುಗಿಯಿತು. ಕ್ಯಾಲೆಂಡರಿನಲ್ಲಿ ಒಂದೂ ಸುತ್ತಿರಲಿಲ್ಲ. ಇಪ್ಪತ್ತೊಂದನೇ ದಿನ ಬೆಳಿಗ್ಗೆ ಟೀಚರ್ ಬರೆದರು: "ಇಬ್ಬರೂ ಆಚೆ ಹೋಗಿ. ಬಾಗಿಲು ಹಾಕಿ."

"ಏನು ಹುಚ್ಚಾಟ ಅಕ್ಕ ಇದು!" ಎಂದಳು ತಂಗಿ.

"ಒಂದು ತಿಂಗಳಾಯ್ತು ನಾನು ಒಬ್ಬಳೇ ಇದ್ದು. ಹೋಗಿ."

ಇಬ್ಬರೂ ಹೊರಬಂದು ಜಗುಲಿಯಲ್ಲಿ ನಿಂತರು. ಬಾಗಿಲು ಮುಚ್ಚಿತು. ಒಳಗಿಂದ ಸದ್ದಿಲ್ಲ. ಟೀಚರ್ ಆರಾಮವಾಗಿದ್ದರೂ ಸದ್ದಿರುವುದಿಲ್ಲ, ಪರದೆ ನೀಲಿಯಾಗಿದ್ದರೂ ಸದ್ದಿರುವುದಿಲ್ಲ. ಬಾಗಿಲಿನಾಚೆ ಯಾವುದೆಂದು ತಿಳಿಯುವ ಬಗೆ ಇರಲಿಲ್ಲ. ಐದು ನಿಮಿಷವಾಯಿತು. ಉಫ್ಫಣ್ಣ ಕಂಬ ಹಿಡಿದುಕೊಂಡ. ಹತ್ತು ನಿಮಿಷವಾಯಿತು. ತಂಗಿಯ ಕೈ ಚಿಲಕದ ಮೇಲೆ ಹೋಯಿತು.

"ಬೇಡಮ್ಮ" ಎಂದ ಅವನು. "ಅವರೇ ಕೇಳಿದ್ದು."

"ನಿಮ್ಮ ಮಾತು ನಂಬ್ಲಾ?"

"ನನ್ನನ್ನ ನಂಬ್ಬೇಡಿ. ಅವರು ಕೇಳಿದ್ರು, ಅಷ್ಟೆ."

ಅವಳು ಕೈ ತೆಗೆದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತರು. ಹಾದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಹದಿನೇಳು ನಿಮಿಷವಾಗಿತ್ತು.

ಆಗ ಒಳಗೆ ಗಂಟೆ ಮೊಳಗಿತು.

"ಗಂಟಲು ಕಟ್ಟಿರ್ಬೇಕು" ಎಂದಳು ತಂಗಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. ಒಂದು ತಿಂಗಳಿಂದ ಆ ಮನೆಯಲ್ಲಿ ಓಡಿಯೇ ಓಡಾಡುತ್ತಿದ್ದವಳು ಅಂದು ಓಡಲಿಲ್ಲ. ಬಾಗಿಲು ತೆರೆದು, ನಡೆದುಕೊಂಡು ಒಳಗೆ ಹೋದಳು.