ಅರ್ಧ ಸಮುದ್ರಕ್ಕೆ ಬಿದ್ದ ಜಾಹೀರಾತು

ಫ್ರೆಂಡ್ಸ್, ಇವತ್ತು ಅಕ್ಕನ ಉಪ್ಪಿನಕಾಯಿಗೆ ಫೋನಿನಲ್ಲಿ ಮೊದಲ ಜಾಹೀರಾತು ಹಾಕಿದೆ. ಯಾವ ಊರಿನವರಿಗೆ ಕಾಣಬೇಕೆಂದು ನಕ್ಷೆಯಲ್ಲಿ ವೃತ್ತ ಎಳೆಯಬೇಕು. ನಮ್ಮ ಮನೆ ಕಾಪುವಿನಲ್ಲಿ, ಕಡಲ ಬದಿಗೇ. ಮನೆಯನ್ನು ನಡುವೆ ಇಟ್ಟು ಎಳೆದೆ. ಅರ್ಧ ವೃತ್ತ ಸಮುದ್ರಕ್ಕೆ ಬಿತ್ತು.

"ಎಂತ ಮಾರಾಯ, ಮೀನಿಗೆ ಉಪ್ಪಿನಕಾಯಿ ಮಾರುದಾ? ಸಂಜೆಯೊಳಗೆ ಒಂದು ಆರ್ಡರ್ ಬಾರದಿದ್ರೆ ನಿನ್ನ ಜಾಹೀರಾತು ಬಂದ್!" ಎಂದು ಅಕ್ಕ ಬೈದಳು.

ಮಧ್ಯಾಹ್ನ ಅಕ್ಕನಿಗೆ ಯಾರೋ ಫೋನ್ ಮಾಡಿದರು. "ಅಕ್ಕ, ಗಂಜಿಗೆ ನಂಜಿಕೊಳ್ಳಲಿಕ್ಕೆ ಎಂತದೂ ಇಲ್ಲ. ಎರಡು ಬಾಟ್ಲಿ ಮಾವಿನಕಾಯಿ ಬೇಕಿತ್ತು."

ಅಕ್ಕ ಖುಷಿಯಿಂದ ವಿಳಾಸ ಕೇಳಿದಳು.

"ಲೈಟ್‌ಹೌಸಿನಿಂದ ನೇರ ಪಶ್ಚಿಮಕ್ಕೆ ಬನ್ನಿ. ನೀಲಿ ಬೋಟು."

"ಆರ್ಡರ್ ಬಂತಲ್ವಾ ಅಕ್ಕ?" ಎಂದು ಮೆಲ್ಲಗೆ ಕೇಳಿದೆ.

"ಬಂತು. ನೀನು ಜಾಹೀರಾತು ಹಾಕಲಿಕ್ಕೆ ಕಲಿಯುದು ಆಮೇಲೆ. ಮೊದಲು ಈಜು ಕಲಿ" ಎಂದಳು.