ಬೇಡ ಅಂದದ್ದಕ್ಕೆ ಬಂದ ಗಾಡಿ

ನಮ್ಮ ಯಜಮಾನರಿಗೆ ಮನೆಗೆ ಚಕ್ರ ಹಾಕಿಸುವ ಹುಚ್ಚು ಹತ್ತಿದ್ದು ಅಹಮದಾಬಾದಿನ ಒಬ್ಬ ಹಲ್ಲಿನ ಡಾಕ್ಟರ ಶಾಪಿನಲ್ಲಿ. ಹಲ್ಲು ಕೀಳಿಸಿಕೊಳ್ಳಲು ಸರದಿ ಕಾಯುತ್ತ ಅವರು ಅಲ್ಲಿ ಬಿದ್ದಿದ್ದ ಯಾವುದೋ ಪರದೇಶದ ಹಳೆಯ ಪತ್ರಿಕೆ ತಿರುವಿದ್ದರು. ಅದರಲ್ಲೊಂದು ಚಿತ್ರ: ಬಸ್ಸಿನಂಥ ಮನೆ, ಅದರ ಮುಂದೆ ಮಡಚುವ ಕುರ್ಚಿ ಹಾಕಿಕೊಂಡು ಕೂತ ಬಿಳಿಗೂದಲ ಗಂಡ ಹೆಂಡತಿ, ಬಸ್ಸಿನ ಬೆನ್ನಿಗೆ ನೇತುಹಾಕಿದ ಎರಡು ಬ್ಯಾಟರಿ ಸೈಕಲ್. ಮನೆಗೆ ಬಂದವರು ಬಾಯಲ್ಲಿ ಹತ್ತಿ ಇಟ್ಟುಕೊಂಡೇ ನನಗೆ ಅದನ್ನೆಲ್ಲ ವಿವರಿಸಿದರು. ನನಗೆ ಅರ್ಥವಾಗಲಿಲ್ಲ. ಹತ್ತಿ ತೆಗೆದು ಹೇಳಿದ ಮೇಲೂ ಯಾಕೆ ಅನ್ನುವುದು ಅರ್ಥವಾಗಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದಿರಬೇಕು. ವಿಮಾ ಕಚೇರಿಯವರು ನಮ್ಮವರನ್ನು ಮೈಸೂರಿನಿಂದ ಎತ್ತಿ ಗುಜರಾತಿಗೆ ಹಾಕಿದ್ದರು. ಮಗಳನ್ನು ಹಾಸ್ಟೆಲಿನಲ್ಲಿ ಬಿಟ್ಟು, ಅಹಮದಾಬಾದಿನ ಅಂಚಿನ ಬೋಪಾಲ್ ಎಂಬ ಬಡಾವಣೆಯಲ್ಲಿ ಒಂದು ಬಾಡಿಗೆ ಫ್ಲ್ಯಾಟ್ ಹಿಡಿದಿದ್ದೆವು. ಅಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಕಟ್ಟಡಗಳಲ್ಲ, ಹೆಂಗಸರು. ಕಾಲೇಜು ಹುಡುಗಿಯರು ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಸ್ಕೂಟರ್ ಓಡಿಸುತ್ತಿದ್ದರು, ಸರಿ. ಆದರೆ ನಮ್ಮ ಎದುರು ಮನೆಯ ಬೆನ್ (ಅಲ್ಲಿ ಹೆಂಗಸರನ್ನೆಲ್ಲ ಹಾಗೆ, ಅಕ್ಕ ಅಂತ, ಕರೆಯುತ್ತಾರೆ), ಇಬ್ಬರು ಮೊಮ್ಮಕ್ಕಳ ಅಜ್ಜಿ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸ್ಕೂಟರಿನಲ್ಲಿ ತರಕಾರಿಗೆ ಹೋಗುತ್ತಿದ್ದರು. ಆ ಫ್ಲ್ಯಾಟುಗಳ ಸೊಸೈಟಿಯಲ್ಲಿ ಗಾಡಿ ಓಡಿಸಲು ಬಾರದ ಹೆಂಗಸು ನಾನೊಬ್ಬಳೇ. ಕೊತ್ತಂಬರಿ ಸೊಪ್ಪು ಬೇಕಾದರೂ ಯಜಮಾನರು ಕಚೇರಿಯಿಂದ ಬರುವವರೆಗೆ ಕಾದು, ಅವರ ಬೆನ್ನ ಹಿಂದೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತು ಹೋಗಬೇಕಾಗಿತ್ತು. ಎದುರು ಮನೆಯ ಬೆನ್ ಕರುಣೆಯಿಂದ "ಬನ್ನಿ, ನಾನು ಕರೆದುಕೊಂಡು ಹೋಗ್ತೀನಿ" ಎಂದಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ನನಗೂ ಒಂದು ಗಾಡಿ ಬೇಕು, ನನಗೂ ಬರಬೇಕು ಅಂತ ಆಸೆ. ಬಾಯಿ ಬಿಟ್ಟು ಹೇಳಲು ನಾಚಿಕೆ. ಚಿಕ್ಕಂದಿನಲ್ಲಿ ಸೈಕಲ್ಲನ್ನೇ ಮುಟ್ಟಗೊಡದೆ ಬೆಳೆಸಿದ್ದರು. ಐವತ್ತರ ಹತ್ತಿರ ಬಂದು ಬಿದ್ದು ಮಂಡಿ ತರಚಿಕೊಂಡರೆ ನೋಡಿದವರು ಏನಂದಾರು?

ಯಜಮಾನರ ಚಿಂತೆ ಬೇರೆ. ಅವರು ವಡೋದರಾದಲ್ಲಿ ಮಾರಾಟಕ್ಕಿದ್ದ ಒಂದು ಹಳೆಯ ಸ್ಕೂಲ್ ವ್ಯಾನ್ ಕೊಂಡು, ಅಲ್ಲಿಯೇ ಒಬ್ಬ ಮಿಸ್ತ್ರಿಯ ಕೈಗೆ ಕೊಟ್ಟರು. ಸೀಟುಗಳು ಹೋಗಿ ಮಂಚ ಬಂತು, ಸ್ಟೌ ಇಡಲು ಕಟ್ಟೆ ಬಂತು, ನೀರಿನ ಡ್ರಮ್ಮು ಬಂತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅಷ್ಟು ಅಕ್ಷರಶಃ ನೆನಪಿಸಿದ ಮಂಚ ನಾನು ಬೇರೆಲ್ಲೂ ಕಂಡಿಲ್ಲ. ಯಜಮಾನರ ಪಾದ ಎರಡೂ ಸ್ಟೌ ಕಟ್ಟೆಯ ಕೆಳಗೆ ಹೋಗುತ್ತಿದ್ದವು. ಮೇಲೆ ಬಿಳಿ ಬಣ್ಣ ಬಳಿಸಿದರೂ ಒಳಗಿನ ಹಳದಿ ಅಲ್ಲಲ್ಲಿ ಇಣುಕುತ್ತಿತ್ತು. ನಿಲ್ಲಿಸಿದ ಕಡೆಯಲ್ಲೆಲ್ಲ ಬೆನ್ನಿಗೆ ಚೀಲ ಹಾಕಿಕೊಂಡ ಮಕ್ಕಳು ಹತ್ತಲು ಬರುತ್ತಿದ್ದವು.

ಇನ್ನು ಉಳಿದದ್ದು ಬ್ಯಾಟರಿ ಗಾಡಿ. ವ್ಯಾನನ್ನು ಊರ ಹೊರಗೆ ನಿಲ್ಲಿಸಿ, ಊರೊಳಗೆ ಚಿಕ್ಕ ಗಾಡಿಯಲ್ಲಿ ಸುತ್ತಬೇಕು ಎಂಬುದು ಚಿತ್ರ ಕಲಿಸಿದ ಪಾಠ. ಲೈಸೆನ್ಸ್ ಬೇಡದ, ಪೆಟ್ರೋಲ್ ಬೇಡದ ಗಾಡಿಗಳು ಆಗ ತಾನೇ ಅಹಮದಾಬಾದಿನ ಅಂಗಡಿಗಳಿಗೆ ಬಂದಿದ್ದವು. ಯಜಮಾನರು ಪ್ರತಿ ಭಾನುವಾರ ಒಂದೊಂದು ಅಂಗಡಿಗೆ ಹೋಗಿ ಗಾಡಿಯ ಹಿಂದಿನ ಚಕ್ರ ಹಿಡಿದು ಎತ್ತಿ ತೂಕ ನೋಡುತ್ತಿದ್ದರು. ಚಿತ್ರದಲ್ಲಿದ್ದದ್ದು ಹಗುರಾದ ಸೈಕಲ್. ಇಲ್ಲಿ ಸಿಗುತ್ತಿದ್ದದ್ದು ಮೊಪೆಡ್‌ನ ತಂಗಿ, ಅದರ ಸೀಟಿನ ಕೆಳಗೆ ಅಕ್ಕಿ ಮೂಟೆಯಷ್ಟು ಭಾರದ ಬ್ಯಾಟರಿ. ಮೂರನೆಯ ಭಾನುವಾರ ಅವರ ಸೊಂಟ ಹಿಡಿದುಕೊಂಡಿತು. ಎತ್ತಿ ನೋಡುವುದನ್ನು ಬಿಟ್ಟು ಕೇಳಿ ನೋಡಲು ಶುರುಮಾಡಿದರು.

ಕೇಳಿದ್ದಕ್ಕೆಲ್ಲ ಅಂಗಡಿಯವನದು ಒಂದೇ ಉತ್ತರ: "ಚಾಲ್ಶೆ." ನಡೆಯುತ್ತೆ ಅಂತ. ಏರು ಹತ್ತುತ್ತದಾ? ಚಾಲ್ಶೆ. ಇಬ್ಬರು ಕೂರಬಹುದಾ? ಚಾಲ್ಶೆ. ವ್ಯಾನಿಗೆ ನೇತುಹಾಕಿ ಕುಲುಕಾಡಿಸಿಕೊಂಡು ಹೋದರೆ? ಚಾಲ್ಶೆ. ನಮ್ಮ ಕನ್ನಡದಲ್ಲೂ 'ನಡೆಯುತ್ತೆ' ಅಂದರೆ ಎರಡರ್ಥ ಇದೆಯಲ್ಲ: ಒಂದು, ಅದು ಓಡುತ್ತದೆ, ಇನ್ನೊಂದು, ಹೇಗೋ ಸುಧಾರಿಸಿಕೊಳ್ಳಿ. ಅಂಗಡಿಯವನು ಎರಡನೆಯದನ್ನು ಹೇಳುತ್ತಿದ್ದ, ಯಜಮಾನರು ಮೊದಲನೆಯದನ್ನು ಕೇಳಿಸಿಕೊಳ್ಳುತ್ತಿದ್ದರು.

ನನಗೂ ಗುಜರಾತಿಗೂ ಆಗಲೇ ಸಣ್ಣ ಸಣ್ಣ ಜಗಳ ಆಗಿದ್ದವು. ಹೊಸದರಲ್ಲಿ ಫೋನ್ ಎತ್ತಿದರೆ ಆ ಕಡೆಯಿಂದ "ಕೋಣ್?" ಅನ್ನುತ್ತಿದ್ದರು. ಯಾರು ಅಂತ ಕೇಳುವ ರೀತಿ ಅದು. ಬೆಳ್ಳಂಬೆಳಿಗ್ಗೆ ಕೋಣ ಅನ್ನಿಸಿಕೊಂಡು ನಾನು ಒಂದೆರಡು ಸಲ ಫೋನ್ ಕುಕ್ಕಿದ್ದೂ ಉಂಟು. ಅವರ ಭಾಷೆಯಲ್ಲಿ ಎರಡಕ್ಕೆ 'ಬೇ' ಅನ್ನುತ್ತಾರೆ ಎಂಬುದೂ ಹಾಲಿನವನ ಹತ್ತಿರ ವ್ಯವಹರಿಸಿ ಗೊತ್ತಾಗಿತ್ತು. ಗೊತ್ತಿದ್ದು ಏನು ಪ್ರಯೋಜನ, ಬೇಕಾದಾಗ ನೆನಪಾಗಬೇಕಲ್ಲ.

ಗಾಡಿ ಗೊತ್ತುಮಾಡಿದ ದಿನ ಯಜಮಾನರು ಅಂಗಡಿಯಿಂದಲೇ ಮೊಬೈಲಿನಲ್ಲಿ ಕರೆದರು.

"ಇವಳೇ, ನನಗೊಂದು ತಗೊಂಡೆ. ನಿನಗೂ ಒಂದು ತಗೊಳ್ಳಲಾ?"

ಬೇಕು ಅನ್ನಬೇಕು, ಅನ್ನಲು ಬಾಯಿ ಬರಲಿಲ್ಲ. ನಮ್ಮ ಕಡೆ ಊಟದ ಎಲೆಗೆ ಇನ್ನೊಂದು ಹೋಳಿಗೆ ಹಾಕಲು ಬಂದರೆ ಎರಡೂ ಕೈ ಅಡ್ಡ ಹಿಡಿದು "ಬೇಡ, ಬೇಡ" ಅನ್ನುತ್ತೇವೆ. ಬಡಿಸುವವರು ಕೈ ಸರಿಸಿ ಹಾಕಿಯೇ ಹಾಕುತ್ತಾರೆ. ಹಾಕದೆ ಹೋದವರನ್ನು ಜನ್ಮದಲ್ಲಿ ಮರೆಯುವುದಿಲ್ಲ. ಆ ಅಭ್ಯಾಸದಲ್ಲೇ ಕೂಗಿಕೊಂಡೆ.

"ಅಯ್ಯೋ ಬೇಡ ರೀ! ಬೇಡ!"

ನನ್ನ ಗಂಟಲು ದೊಡ್ಡದು ಅಂತ ಯಜಮಾನರು ಫೋನನ್ನು ಯಾವಾಗಲೂ ಕಿವಿಯಿಂದ ಒಂದು ಗೇಣು ದೂರ ಹಿಡಿಯುತ್ತಿದ್ದರು. ಹೀಗಾಗಿ ಅಂಗಡಿಗೆಲ್ಲ ಕೇಳಿಸಿದೆ. "ಬೇ? ಬರಾಬರ್!" ಎಂದನಂತೆ ಅಂಗಡಿಯವನು. ಬೇಡ ಅಂದದ್ದು ಸರಿ ಎಂದು ಅವನು ನನ್ನ ಬುದ್ಧಿಯನ್ನು ಹೊಗಳುತ್ತಿದ್ದಾನೆ ಅಂದುಕೊಂಡು ಇವರು ತಲೆದೂಗಿದ್ದಾರೆ.

ಮಾರನೆಯ ದಿನ ಟೆಂಪೋದಿಂದ ಎರಡು ಗಾಡಿ ಇಳಿದವು. ಒಂದು ಬೂದು ಬಣ್ಣದ್ದು, ಒಂದು ಕೆಂಪು. ಯಜಮಾನರು ಅಂಗಡಿಗೆ ಫೋನ್ ಮಾಡಿ ಹಿಂದಿಯಲ್ಲಿ ಎಗರಾಡಿದರು. ಅವನು ಸಮಾಧಾನವಾಗಿ, "ಬೆನ್ ತಾವೇ 'ಬೇ' ಅಂದರಲ್ಲ ಸಾಹೇಬ್. ಎರಡು ಸಲ ಅಂದರು. ಆದರೂ ನಾನು ನಾಲ್ಕು ಕಳಿಸಲಿಲ್ಲ" ಎಂದ. ವಾಪಸು ಕಳಿಸುವ ಮಾತು ಬಂದಾಗ ನಾನು, "ಇರ್ಲಿ ಬಿಡಿ, ಚಿತ್ರದಲ್ಲೂ ಎರಡೇ ಇತ್ತಲ್ವಾ?" ಅಂದೆ. ಆ ದಿನ ರಾತ್ರಿ ನನಗೆ ಖುಷಿಯಿಂದ ನಿದ್ದೆ ಬರಲಿಲ್ಲ.

ನಮ್ಮ ಸೊಸೈಟಿಯ ಹಿಂದೆ ಕಟ್ಟಡ ಏಳಬೇಕಿದ್ದ ಖಾಲಿ ಸೈಟಿನಲ್ಲಿ ಪಾಠ ಶುರುವಾಯಿತು. ಯಜಮಾನರು ಹಿಂದಿನ ಕ್ಯಾರಿಯರ್ ಹಿಡಿದು "ಬ್ರೇಕ್! ಬ್ರೇಕ್!" ಎನ್ನುತ್ತ ಓಡಿಬರುತ್ತಿದ್ದರು. ಅವರು ಕಲಿಸಿದ್ದು ಬ್ರೇಕ್ ಒಂದೇ. ಹೊರಡುವುದು ಹೇಗೆ ಅಂತ ಹೇಳಿಕೊಟ್ಟವರು ಎದುರು ಮನೆಯ ಬೆನ್. ನಾನು ಬೀಳುವಾಗಲೆಲ್ಲ ನೆಲ ಸರಿಯಿಲ್ಲ, ಕಲ್ಲು ಜಾಸ್ತಿ ಅನ್ನುತ್ತಿದ್ದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು ಯಜಮಾನರು. ಆ ಮಾತಿನ ಸಿಟ್ಟಿಗೆ ಕೈ ತಿರುವಿದವಳು ಸೈಟಿನ ಆ ತುದಿಯವರೆಗೂ ಹೋಗಿಬಿಟ್ಟೆ. ತಿರುಗಿ ನೋಡಿದರೆ ಅವರು ಅಷ್ಟು ದೂರದಲ್ಲಿ ಸೊಂಟ ಹಿಡಿದುಕೊಂಡು ನಿಂತಿದ್ದರು. ಆದರೂ ರಸ್ತೆಗೆ ಒಬ್ಬಳೇ ಹೋಗಲು ಅಪ್ಪಣೆ ಸಿಗಲಿಲ್ಲ. ನನಗೂ ಧೈರ್ಯ ಇರಲಿಲ್ಲ ಅನ್ನಿ.

ಈಗ ಎರಡು ಗಾಡಿ ಹೊರುವುದು ಹೇಗೆ? ವಡೋದರಾದ ಮಿಸ್ತ್ರಿ ವ್ಯಾನಿನ ಹಿಂದೆ ಕಬ್ಬಿಣದ ಒಂದು ಅಟ್ಟ ಬೆಸೆದುಕೊಟ್ಟ. ಇಷ್ಟು ಭಾರ ತಡೆಯುತ್ತದಾ ಅಂದರೆ ಅವನದೂ ಅದೇ ಮಂತ್ರ, ಚಾಲ್ಶೆ. ಗಾಡಿ ಏರಿಸಿ ಕಟ್ಟಿದ ಕೂಡಲೇ ವ್ಯಾನಿನ ಹಿಂಭಾಗ ಕುಸಿದು ಮೂತಿ ಮೇಲಕ್ಕೆದ್ದಿತು. ಸ್ಟಿಯರಿಂಗು ಕೈಗೆ ಹೂವಿನಷ್ಟು ಹಗುರವಾಯಿತು ಎಂದು ಯಜಮಾನರು ಮೊದಲು ಸಂತೋಷಪಟ್ಟರು, ಆಮೇಲೆ ವ್ಯಾನು ತಿರುಗುವುದಿಲ್ಲ ಅಂತ ಗೊತ್ತಾಯಿತು. ಮಿಸ್ತ್ರಿ ತಲೆ ಕೆರೆದುಕೊಂಡು ಪರಿಹಾರ ಹೇಳಿದ. ನೀರಿನ ಡ್ರಮ್ಮು ಮುಂದಕ್ಕೆ ತನ್ನಿ, ಗ್ಯಾಸ್ ಸಿಲಿಂಡರ್ ಮುಂದಕ್ಕೆ ತನ್ನಿ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬೆನ್‌ನೇ ಆಗಳ್ ಬೇಸಾಡೋ" ಎಂದ. ಬೆನ್ ಅವರನ್ನೂ ಮುಂದೆ ಕೂರಿಸಿ ಅಂತ. ಯಜಮಾನರು ನನ್ನ ಮುಖ ನೋಡದೆ ಮುಂದಿನ ಬಾಗಿಲು ತೆಗೆದರು. ವ್ಯಾನು ನೆಟ್ಟಗಾಯಿತು. ಸಂಸಾರ ನೆಟ್ಟಗಿರುವುದೇ ನನ್ನ ಭಾರದಿಂದ ಅಂತ ಒಬ್ಬ ಮೂರನೆಯವನು ಬಂದು ತೋರಿಸಿಕೊಡಬೇಕಾಯಿತು.

ಹೀಗೆ ನಮ್ಮ ಮೊದಲ ಪ್ರವಾಸ ಸೂರತ್ತಿನ ಕಡೆಗೆ, ಸಮುದ್ರ ನೋಡಲು. ಹೆದ್ದಾರಿಯುದ್ದಕ್ಕೂ ನಮ್ಮನ್ನು ಹೊರಬೇಕಾದ ಗಾಡಿಗಳನ್ನು ನಾವೇ ಹೊತ್ತೆವು. ನಿಂತಲ್ಲೆಲ್ಲ ಹಗ್ಗ ಬಿಗಿದೆವು. ಗಾಡಿಗಳು ಹಿಂದಿನ ದೀಪ, ನಂಬರು ಎಲ್ಲ ಮುಚ್ಚಿವೆ ಎಂದು ಪೊಲೀಸಿನವನೊಬ್ಬ ತಡೆದ. ಒಳಗೆ ಮಂಚ, ಸ್ಟೌ, ಉಪ್ಪಿನಕಾಯಿ ಭರಣಿ ನೋಡಿ ಅವನಿಗೆ ಏನನ್ನಿಸಿತೋ, ಮನೆ ಖಾಲಿ ಮಾಡಿಸಿದರಾ ಅಂತ ಕನಿಕರದಿಂದ ಕೇಳಿ ಬಿಟ್ಟುಬಿಟ್ಟ.

ರಾತ್ರಿ ಒಂದು ಢಾಬಾದ ಹಿಂದೆ ನಿಲ್ಲಿಸಿ, ಅವರ ಗೋಡೆಯ ಪ್ಲಗ್ಗುಗಳಿಗೆ ಎರಡೂ ಗಾಡಿಯನ್ನು ಚಾರ್ಜಿಗೆ ಹಾಕಿದೆವು. ಯಜಮಾನರಿಗೆ ಹುಟ್ಟಿನಿಂದ ಒಂದು ಚಾಳಿ: ಕೋಣೆಯಿಂದ ಹೊರಡುವಾಗ ಕಣ್ಣಿಗೆ ಬಿದ್ದ ಸ್ವಿಚ್ಚನ್ನು ಆರಿಸಿ ಹೊರಡುವುದು. ಅಲ್ಲಿಯೂ ಆರಿಸಿದರು. ನನ್ನ ಗಾಡಿಯ ಸ್ವಿಚ್ಚಿನ ಮೇಲೆ ಢಾಬಾದವರ ಅಂಗಿ ನೇತಾಡುತ್ತಿತ್ತು, ಹಾಗಾಗಿ ಅದು ಬಚಾವಾಯಿತು.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಸೂರತ್ತು ದಾಟಿ ಹಜೀರಾ ಕಡೆಯ ಒಂದು ಕಂಪನಿ ಕಾಲೊನಿಯ ಹತ್ತಿರ ಬಂದೆವು. ಮುಂದೆ ಮರಳು, ವ್ಯಾನು ಹೂತುಹೋಗುತ್ತದೆ ಎಂದರು ಅಲ್ಲಿನ ಜನ. ಯಜಮಾನರ ಮುಖ ಅರಳಿತು. ಗಾಡಿಗಳು ಇರುವುದೇ ಇದಕ್ಕಲ್ಲವೇ? ಗೇಟಿನ ಕಾವಲುಗಾರನನ್ನು ಕರೆದು ಕೈ ಹಚ್ಚಿಸಿ ಇಳಿಸಿದೆವು. ಅವರ ಬೂದು ಗಾಡಿ ಬೀಗದ ಕೈ ತಿರುವಿದರೆ ಒಂದು ಸಲ ಕೀಂ ಅಂದು ಸುಮ್ಮನಾಯಿತು. ನನ್ನ ಕೆಂಪು ಗಾಡಿಯ ದೀಪ ಹತ್ತಿತು.

"ಅದನ್ನ ಇಲ್ಲಿ ಕೊಡು, ನಾನು ಓಡಿಸ್ತೀನಿ. ನೀನು ಹಿಂದೆ ಕೂತ್ಕೊ" ಎಂದರು.

"ಇಲ್ಲ ರೀ. ಇದು ನಂದು" ಅಂದೆ. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಅವರು ನನ್ನ ಹಿಂದೆ ಕೂತರು. ಹಿಡಿದುಕೊಳ್ಳುವುದು ಎಲ್ಲಿ ಅಂತ ಅವರಿಗೆ ತಿಳಿಯಲಿಲ್ಲ, ಕೊನೆಗೆ ಸೀಟಿನ ಅಂಚು ಹಿಡಿದುಕೊಂಡರು.

ನಡೆದು ಹೋಗುವವರಿಗಿಂತ ಚೂರು ಬೇಗ ಹೋಗುತ್ತಿದ್ದೆವು. ಸಮುದ್ರಕ್ಕೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಸೇತುವೆ, ಅದಕ್ಕೊಂದು ಸಣ್ಣ ಏರು. ಇಬ್ಬರು ಕೂರಬಹುದಾ, ಏರು ಹತ್ತುತ್ತದಾ ಅಂತ ಯಜಮಾನರು ಬೇರೆ ಬೇರೆಯಾಗಿ ಕೇಳಿದ್ದರು. ಇಬ್ಬರು ಕೂತು ಏರು ಹತ್ತುತ್ತದಾ ಅಂತ ಕೇಳಿರಲಿಲ್ಲ. ನಡು ಏರಿನಲ್ಲಿ ಗಾಡಿ ನರಳಿ ನಿಂತಿತು. ಅವರು ಇಳಿದರು. ನಾನೂ ಇಳಿದು ತಳ್ಳಲು ಹೊರಟೆ.

"ನೀನ್ಯಾಕೆ ಇಳೀತೀಯ? ನೀನು ಹೋಗು" ಎಂದರು. "ಹೊತ್ತಾಗುತ್ತೆ. ನಾನು ನಡ್ಕೊಂಡು ಬರ್ತೀನಿ."

ಬ್ರೇಕ್ ಅಂತ ಅನ್ನಲಿಲ್ಲ. ನಾನು ಹೋದೆ.

ಸೇತುವೆ ಹತ್ತಿ ಆ ಕಡೆ ಇಳಿಯುವಾಗ ಗಾಳಿ ಮುಖಕ್ಕೆ ಬಡಿದು ಸೆರಗು ಹಾರಿತು. ನನ್ನ ಮುಂದೆ ಯಾರ ಬೆನ್ನೂ ಇರಲಿಲ್ಲ; ರಸ್ತೆ ಪೂರ್ತಿ ಕಾಣುತ್ತಿತ್ತು. ಇಷ್ಟು ವರ್ಷ ನಾನು ರಸ್ತೆಯನ್ನು ಬರೀ ಪಕ್ಕದಿಂದ ನೋಡಿದ್ದೆ. ಒಬ್ಬಳೇ ಜೋರಾಗಿ ನಕ್ಕೆ, ಎಮ್ಮೆ ಹೊಡೆದುಕೊಂಡು ಬರುತ್ತಿದ್ದವನು ದಾರಿ ಬಿಟ್ಟು ನಿಂತ.

ಹೋಗಿ ನೋಡಿದರೆ ಸಮುದ್ರ ಇರಲಿಲ್ಲ. ಇಳಿತದ ಹೊತ್ತು. ಕಣ್ಣು ಹಾಯುವವರೆಗೂ ಬೂದು ಬಣ್ಣದ ಕೆಸರು, ಬಹಳ ದೂರದಲ್ಲಿ ಒಂದು ಗೆರೆ ಹೊಳೆಯುತ್ತಿತ್ತು. ಅಷ್ಟು ವೆಲ್ಡಿಂಗು, ಅಷ್ಟು ಹಗ್ಗ, ಅಷ್ಟು ಚಾರ್ಜಿಂಗು, ಎಲ್ಲ ಈ ಕೆಸರಿಗೆ. ಬೇಜಾರಾಗಬೇಕಿತ್ತು, ಒಂದು ಚೂರೂ ಆಗಲಿಲ್ಲ.

ಮರಳಿನ ಅಂಚಿನಲ್ಲಿ ಒಬ್ಬಳು ಮುದುಕಿ ಕೆಂಡದ ಮೇಲೆ ಜೋಳದ ತೆನೆ ಸುಡುತ್ತ ಕೂತಿದ್ದಳು. ಗಾಡಿ ನಿಲ್ಲಿಸಿ ಒಂದು ತೆನೆ ತೆಗೆದುಕೊಂಡೆ. ಅವಳು ಗಾಡಿಯನ್ನೂ ನನ್ನನ್ನೂ ನೋಡಿ ಕೇಳಿದಳು.

"ಏಕಲಾ ಆವ್ಯಾ?" ಒಬ್ಬರೇ ಬಂದಿರಾ?

ಉತ್ತರ ಕೊಡುವುದರೊಳಗೆ ದಾರಿಯ ತಿರುವಿನಲ್ಲಿ ಯಜಮಾನರು ಕಂಡರು. ಕೈಯಲ್ಲಿ ಚಪ್ಪಲಿ, ಮೊಣಕಾಲಿನವರೆಗೆ ಮಡಚಿದ ಪ್ಯಾಂಟು. ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ಅವರ ಕಡೆ ಗಲ್ಲ ಎತ್ತಿ ತೋರಿಸಿ, ಅವರು ಯಾರು ಎಂದಳು.

"ಮಾರೀ ಸಾಥೆ ಆವ್ಯಾ ಛೇ" ಅಂದೆ. ಅವರು ನನ್ನ ಜೊತೆ ಬಂದಿದ್ದಾರೆ.

ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅವರಿಗೂ ಒಂದು ತೆನೆ ಇರಲಿ ಎಂದು ಕೆಂಡದ ಮೇಲೆ ಇಟ್ಟಳು.